ನೊಗಕ್ಕೆ ಹೊಸ ಹೋರಿ: ಜಿಮ್ಮಿಗೆ ಹೋಗುವ ಧೈರ್ಯ ಬರುವುದು ಹೇಗೆ?



ಕಳೆದ ಸಂಚಿಕೆಯಲ್ಲಿ ತೆಂಗಿನ ಬಿಳಿನೊಣದ ಹತೋಟಿಯ ಬಗ್ಗೆ ಬರೆದಿದ್ದೆವು. ಈ ಬಾರಿ ತೋಟದಿಂದ ಮೈಯ ಕಡೆಗೆ ತಿರುಗೋಣ. ಇದಕ್ಕೊಂದು ಕಾರಣವಿದೆ.

ಕೆಲವು ತಿಂಗಳ ಹಿಂದೆ ಭಾನುವಾರದ ಪೂಜೆ ಮುಗಿದ ಮೇಲೆ ನಮ್ಮ ಧರ್ಮಕೇಂದ್ರದ ಹಿರಿಯರೊಬ್ಬರು ದೇವಾಲಯದ ಪಡಸಾಲೆಯಲ್ಲಿ ನಿಂತೇ ಇದ್ದರು. ಹುಟ್ಟಿ ಬೆಳೆದದ್ದು ತಾಳವಾಡಿ ಕಡೆ. ನಲವತ್ತು ವರ್ಷ ಬೇಸಾಯ ಮಾಡಿ, ಈಗ ಪೀಳಮೇಡಿನಲ್ಲಿ ಮಗನ ಮನೆಯಲ್ಲಿದ್ದಾರೆ. ಎಲ್ಲರೂ ಹೋದ ಮೇಲೆ ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಸ್ವಾಮಿ, ಸಕ್ಕರೆ ಕಾಯಿಲೆ ಜಾಸ್ತಿ ಆಗಿದೆ. ಡಾಕ್ಟರು ಜಿಮ್ಮಿಗೆ ಹೋಗಿ ಅಂತಾರೆ. ಮಗ ಮೂರು ತಿಂಗಳ ದುಡ್ಡು ಕಟ್ಟಿದಾನೆ. ಎರಡು ದಿನ ಹೋದೆ, ಆಮೇಲೆ ಹೋಗಲಿಲ್ಲ. ಮೂಟೆ ಹೊತ್ತ ಹೆಗಲು ಇದು. ಆದರೆ ಆ ಹುಡುಗರ ಮಧ್ಯೆ, ಆ ಕನ್ನಡಿ ಮುಂದೆ ನಿಲ್ಲೋದಕ್ಕೆ ನಾಚಿಕೆ ಆಗುತ್ತೆ. ಮಗನಿಗೆ ಹೋಗ್ತಿದೀನಿ ಅಂತಲೇ ಹೇಳ್ತಾ ಇದೀನಿ. ಆ ಹೊತ್ತಿಗೆ ಟೀ ಅಂಗಡಿಯಲ್ಲಿ ಕೂತಿರ್ತೀನಿ."

ನಮಗೆ ನಗು ಬರಲಿಲ್ಲ. ಏಕೆಂದರೆ ನಾವೂ ಅದನ್ನೇ ಮಾಡಿದ್ದೆವು. ಐವತ್ತು ದಾಟಿದ ಮೇಲೆ ನಮಗೂ ಸಕ್ಕರೆ ಕಾಯಿಲೆ ಇದೆಯೆಂದು ತಿಳಿದಾಗ ಒಂದು ಜಿಮ್ಮಿಗೆ ಹೋದೆವು. ಮೊದಲ ದಿನ ಮೆಟ್ಟಿಲ ಬಳಿಯೇ ಫೋನು ಬಂದವರ ಹಾಗೆ ನಟಿಸಿ ಹಿಂದಿರುಗಿದೆವು. ಎರಡನೆಯ ಸಲ ಒಳಗೆ ಹೋದೆವು. ಅಲ್ಲಿನ ತರಬೇತುದಾರ ಹುಡುಗ ಮೊದಲ ದಿನವೇ ಕಾಲಿಗೆ ಎಷ್ಟು ಕೆಲಸ ಕೊಟ್ಟನೆಂದರೆ, ಮರುದಿನ ಬೆಳಿಗ್ಗೆ ಮೊಣಕಾಲೂರಿ ಏಳಲು ಪೀಠದ ಅಂಚು ಹಿಡಿಯಬೇಕಾಯಿತು. ಯಾವ ಜಿಮ್ಮು ಎಂಬುದು ಮುಖ್ಯವಲ್ಲ. ಅರ್ಧ ತಪ್ಪು ಅವನದು. ಸಾಕು ಎನ್ನಲು ನಾಚಿದ ಅರ್ಧ ತಪ್ಪು ನಮ್ಮದು. ಆಮೇಲೆ ಆರು ತಿಂಗಳು ಆ ಕಡೆ ತಲೆ ಹಾಕಲಿಲ್ಲ. ಕಡೆಗೆ ಬೇರೊಂದು ಕಡೆ, ಬೇರೆ ರೀತಿಯಲ್ಲಿ ಶುರು ಮಾಡಿದೆವು. ಅಲ್ಲಿ ಕಲಿತದ್ದೇ ಇಂದಿನ ಪಾಠ.

ದುಡಿದ ಮೈಗೆ ವ್ಯಾಯಾಮ ಯಾಕೆ?

"ನಾವು ರೈತರು, ನಮಗೆ ಜಿಮ್ಮು ಯಾಕೆ?" ಎಂದು ಅನೇಕರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಆದರೆ ನಮ್ಮ ಹೊಲಗಳನ್ನೇ ನೋಡಿ. ಉಳುವುದು ಟ್ರ್ಯಾಕ್ಟರು, ನೀರು ಹಾಯಿಸುವುದು ಹನಿ ನೀರಾವರಿ, ಕೊಯ್ಲಿಗೆ ಯಂತ್ರ, ಪೇಟೆಗೆ ಬೈಕು. ಮೈಯ ಕೆಲಸ ಕಡಿಮೆಯಾಯಿತು, ತಟ್ಟೆಯ ಅನ್ನ ಮಾತ್ರ ಅಷ್ಟೇ ಉಳಿಯಿತು. ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಂದ ಹೆಸರಾದ ಪೀಳಮೇಡಿನಲ್ಲಿ ಇಂದು ಕಾಲೇಜು, ಆಸ್ಪತ್ರೆ, ಕಂಪ್ಯೂಟರ್ ಕಂಪನಿಗಳು ತುಂಬಿವೆ. ಅಲ್ಲಿ ದುಡಿಯುವ ನಮ್ಮ ಮಕ್ಕಳು ದಿನವಿಡೀ ಕುರ್ಚಿಯಲ್ಲಿರುತ್ತಾರೆ. ಅವರ ಜೊತೆ ಇರಲು ಬಂದ ತಂದೆತಾಯಿಯರು ಅಪಾರ್ಟ್‌ಮೆಂಟಿನ ಸೋಫಾದಲ್ಲಿರುತ್ತಾರೆ.

2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಅಂದರೆ ವಯಸ್ಕರಲ್ಲಿ ನೂರಕ್ಕೆ 11 ಮಂದಿಗಿಂತ ಹೆಚ್ಚು. ಇಲ್ಲಿ ಸ್ನಾಯುವಿನ ಪಾತ್ರ ದೊಡ್ಡದು. ನಾವು ಉಂಡ ಅನ್ನ ರಕ್ತದಲ್ಲಿ ಸಕ್ಕರೆಯಾಗುತ್ತದೆ. ಆ ಸಕ್ಕರೆಯ ಹೆಚ್ಚಿನ ಭಾಗವನ್ನು ತುಂಬಿಕೊಳ್ಳುವ ಕಣಜವೇ ಸ್ನಾಯು. ಸ್ನಾಯು ಕೆಲಸ ಮಾಡುವಾಗ ಇನ್ಸುಲಿನ್ನಿನ ನೆರವು ಕಡಿಮೆ ಇದ್ದರೂ ಸಕ್ಕರೆಯನ್ನು ಒಳಗೆಳೆದುಕೊಳ್ಳುತ್ತದೆ. ವಯಸ್ಸಾದಂತೆ ಈ ಕಣಜ ಕುಗ್ಗುತ್ತದೆ. ಅದಕ್ಕಾಗಿಯೇ ವಿಶ್ವ ಆರೋಗ್ಯ ಸಂಸ್ಥೆ 2020ರ ತನ್ನ ಸಲಹೆಯಲ್ಲಿ, ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸು ನಡಿಗೆಯಂಥ ಚಟುವಟಿಕೆಯ ಜೊತೆಗೆ ವಾರಕ್ಕೆ ಎರಡು ದಿನವಾದರೂ ಸ್ನಾಯು ಬಲಪಡಿಸುವ ವ್ಯಾಯಾಮ ಬೇಕು ಎಂದಿದೆ.

ಇನ್ನೊಂದು ಮಾತು. ಹೊಲದ ದುಡಿಮೆ ಒಂದೇ ಕಡೆ ಸವೆಸುತ್ತದೆ. ಕಳೆ ಕೀಳುವ ಹೆಂಗಸರ ಸೊಂಟ, ಔಷಧಿ ಸಿಂಪಡಿಸುವವರ ಹೆಗಲು ಇದಕ್ಕೆ ಸಾಕ್ಷಿ. ವ್ಯಾಯಾಮವಾದರೋ ಅಳತೆ ಇಟ್ಟು, ಎರಡೂ ಬದಿಗೆ ಸಮನಾಗಿ, ವಿಶ್ರಾಂತಿ ಕೊಟ್ಟು ಮಾಡುವ ದುಡಿಮೆ.

ಇದು ನಮಗೆ ಹೊಸದಲ್ಲ

ಜಿಮ್ಮೆಂದರೆ ಪರದೇಶದ ಸರಕೆಂದು ತಿಳಿಯಬೇಡಿ. ಮೈಸೂರು ಸೀಮೆಯ ಊರುಗಳಲ್ಲಿ ಗರಡಿಮನೆ ಇತ್ತು. ಕೆಮ್ಮಣ್ಣಿನ ಅಖಾಡ, ಗದೆ, ದಂಡ, ಬಸ್ಕಿ ಎಲ್ಲವೂ ಇದ್ದವು. ಅಲ್ಲಿಗೆ ಬಂದ ಹುಡುಗನನ್ನು ಉಸ್ತಾದರು ಮೊದಲ ದಿನವೇ ಕುಸ್ತಿಗೆ ಇಳಿಸುತ್ತಿರಲಿಲ್ಲ. ಮಣ್ಣು ಹದ ಮಾಡುವುದು, ಬಸ್ಕಿ ಹೊಡೆಯುವುದೇ ಮೊದಲ ಪಾಠ. ಬೆಂಗಳೂರಿನಲ್ಲಿ ಕೆ.ವಿ. ಅಯ್ಯರ್ ಅವರು (1897–1980) ಭಾರ ಎತ್ತುವುದನ್ನೂ ಸೂರ್ಯನಮಸ್ಕಾರವನ್ನೂ ಜೋಡಿಸಿ ವ್ಯಾಯಾಮಶಾಲೆ ನಡೆಸಿದರು. ದೂರದವರಿಗೆ ಅಂಚೆಯ ಮೂಲಕವೂ ಪಾಠ ಕಳಿಸುತ್ತಿದ್ದರು. ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರ ಪ್ರೋತ್ಸಾಹ ಅವರಿಗಿತ್ತು. 'ಶಾಂತಲಾ' ಕಾದಂಬರಿ ಬರೆದವರೂ ಇವರೇ. ನಮ್ಮ ಕೊಯಮತ್ತೂರಿನವರೇ ಆದ ಸ್ಯಾಂಡೋ ಚಿನ್ನಪ್ಪ ದೇವರ್ ಸಿನಿಮಾ ನಿರ್ಮಾಪಕರಾಗುವ ಮೊದಲು ದೇಹದಾರ್ಢ್ಯಕ್ಕೆ ಹೆಸರಾದವರು. ಹೆಸರಿನ ಮುಂದೆ 'ಸ್ಯಾಂಡೋ' ಸೇರಿದ್ದು ಅದರಿಂದಲೇ.

ಇನ್ನೂ ಹತ್ತಿರದ ಉದಾಹರಣೆ ಬೇಕೆ? 2024ರ ಮೇ ತಿಂಗಳಲ್ಲಿ ಕೊಯಮತ್ತೂರಿನ ಕುನಿಯಮುತ್ತೂರಿನಲ್ಲಿ ನಡೆದ ಭಾರ ಎತ್ತುವ ಸ್ಪರ್ಧೆಯಲ್ಲಿ ಪೊಳ್ಳಾಚಿ ಕಡೆಯ 82 ವರ್ಷದ ಕಿಟ್ಟಮ್ಮಾಳ್ 50 ಕಿಲೋ ಎತ್ತಿದ್ದು ಪತ್ರಿಕೆಗಳಲ್ಲೆಲ್ಲ ಬಂತು. ಜಿಮ್ಮಿಗೆ ಕರೆದುಕೊಂಡು ಹೋದವರು ಮೊಮ್ಮಕ್ಕಳು. ಅಕ್ಕಿ ಮೂಟೆ ಎತ್ತಿ, ನೀರು ಹೊತ್ತು ಅಭ್ಯಾಸವಿದ್ದ ಕೈ ಅದು. ಎಲ್ಲರೂ 50 ಕಿಲೋ ಎತ್ತಿರೆಂದು ನಾವು ಹೇಳುತ್ತಿಲ್ಲ. ವಯಸ್ಸು ಬಾಗಿಲು ಮುಚ್ಚುವುದಿಲ್ಲ ಎಂದಷ್ಟೇ ಹೇಳುತ್ತಿದ್ದೇವೆ. 1990ರಲ್ಲಿ ಅಮೆರಿಕದ ಬೋಸ್ಟನ್ನಿನ ವೈದ್ಯರು ಒಂದು ವೃದ್ಧಾಶ್ರಮದಲ್ಲಿ 90ರ ಆಸುಪಾಸಿನ ಹಿರಿಯರಿಗೆ ಎಂಟು ವಾರ ಕಾಲಿನ ಭಾರದ ವ್ಯಾಯಾಮ ಮಾಡಿಸಿದಾಗ, ಅವರ ಕಾಲಿನ ಬಲ ಸರಾಸರಿ ಎರಡೂವರೆ ಪಟ್ಟಿಗೂ ಮಿಕ್ಕಿ ಹೆಚ್ಚಿತು.

ಎಲ್ಲರೂ ನಮ್ಮನ್ನೇ ನೋಡುತ್ತಾರೆಯೇ?

ಹಿರಿಯರ ನಿಜವಾದ ಅಡ್ಡಿ ಮೈಯಲ್ಲಿರಲಿಲ್ಲ, ಕನ್ನಡಿಯಲ್ಲಿತ್ತು. ಎಲ್ಲರೂ ನನ್ನನ್ನೇ ನೋಡಿ ನಗುತ್ತಾರೆ ಎಂಬ ಅಳುಕು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು 2000ದಲ್ಲಿ ಪ್ರಕಟಿಸಿದ ಒಂದು ಪ್ರಯೋಗವನ್ನು ಕೇಳಿ. ವಿದ್ಯಾರ್ಥಿಗಳಿಗೆ ಮುಜುಗರ ತರುವ ಚಿತ್ರವಿದ್ದ ಅಂಗಿ ತೊಡಿಸಿ, ಹಲವರು ಕುಳಿತ ಕೋಣೆಗೆ ಕಳಿಸಿದರು. ತೊಟ್ಟವರು "ಅರ್ಧದಷ್ಟು ಜನ ಗಮನಿಸಿರಬೇಕು" ಎಂದುಕೊಂಡರು. ನಿಜವಾಗಿ ಗಮನಿಸಿದವರು ಸುಮಾರು ಕಾಲು ಭಾಗ ಮಾತ್ರ.

ಜಿಮ್ಮಿನಲ್ಲೂ ಹಾಗೆಯೇ. ಅಲ್ಲಿ ಪ್ರತಿಯೊಬ್ಬನೂ ಕನ್ನಡಿಯಲ್ಲಿ ನೋಡುವುದು ತನ್ನನ್ನೇ. ಸಂತೆಗೆ ಹೊಸ ದನ ಹೊಡೆದುಕೊಂಡು ಹೋದವನಿಗೆ ಎಲ್ಲರ ಕಣ್ಣೂ ತನ್ನ ದನದ ಮೇಲೇ ಇದೆ ಅನ್ನಿಸುವುದಿಲ್ಲವೇ? ಬಂದವರಿಗೆ ಅವರವರ ದನದ ಚಿಂತೆ.

ಧೈರ್ಯ ಎಲ್ಲಿಂದ ಬರುತ್ತದೆ?

"ಧೈರ್ಯ ತಂದುಕೋ" ಎಂದು ಹೇಳಿದರೆ ಧೈರ್ಯ ಬರುವುದಿಲ್ಲ. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ 1977ರಲ್ಲಿ ಬರೆದ ಪ್ರಸಿದ್ಧ ಲೇಖನದಲ್ಲಿ, ತನ್ನಿಂದ ಆಗುತ್ತದೆ ಎಂಬ ನಂಬಿಕೆಗೆ ನಾಲ್ಕು ಬೇರುಗಳನ್ನು ತೋರಿಸಿದರು.

ಒಂದು, ಸ್ವತಃ ಮಾಡಿ ಗೆದ್ದ ಅನುಭವ. ಇದೇ ತಾಯಿಬೇರು. ಎರಡು, ನಮ್ಮಂಥವರೇ ಮಾಡುವುದನ್ನು ಕಣ್ಣಾರೆ ನೋಡುವುದು. ಮೂರು, ನಂಬಿಕಸ್ಥರ ಪ್ರೋತ್ಸಾಹದ ಮಾತು. ನಾಲ್ಕು, ನಮ್ಮ ಮೈ ಕೊಡುವ ಸೂಚನೆಯನ್ನು ಸರಿಯಾಗಿ ಓದುವುದು. ಎದೆ ಹೊಡೆದುಕೊಂಡರೆ ಕೆಲವೊಮ್ಮೆ ಅದು ಕೆಲಸದ ಲಕ್ಷಣ, ಭಯದ ಲಕ್ಷಣವಲ್ಲ.

ಮೊದಲ ಬೇರನ್ನು ಗಮನಿಸಿ. ಸಣ್ಣ ಗೆಲುವುಗಳು ಒಂದರ ಮೇಲೊಂದು ಕೂಡಬೇಕು. ಆರಂಭದಲ್ಲೇ ಸೋತರೆ ನಂಬಿಕೆ ಬೇರು ಬಿಡುವ ಮೊದಲೇ ಒಣಗುತ್ತದೆ. ಮೂಟೆ ಹೊತ್ತವನೂ ಜಿಮ್ಮಿನಲ್ಲಿ ಸೋಲುವುದು ಇದಕ್ಕೇ: ಇಪ್ಪತ್ತೈದರ ವಯಸ್ಸಿನ ಅಳತೆಯಲ್ಲಿ ಅರವತ್ತೈದರ ಮೈಯನ್ನು ತೂಗುತ್ತಾನೆ.

ಹೋರಿಯನ್ನು ಪಳಗಿಸಿದ ಹಾಗೆ

ನಮ್ಮ ರೈತರಿಗೆ ಈ ವಿದ್ಯೆ ಗೊತ್ತಿಲ್ಲದ್ದೇನೂ ಅಲ್ಲ. ಕಾಂಗೇಯಂ ಹೋರಿಯಾಗಲಿ, ಬೆದರುವ ಬರಗೂರು ಹೋರಿಯಾಗಲಿ, ಮೊದಲ ದಿನವೇ ತುಂಬಿದ ಗಾಡಿಗೆ ಕಟ್ಟುತ್ತೀರಾ? ಮೊದಲು ಬರೀ ನೊಗ, ಪಕ್ಕದಲ್ಲಿ ಪಳಗಿದ ಎತ್ತು. ಆಮೇಲೆ ಎಳೆಯಲು ಒಂದು ಕೊರಡು. ಆಮೇಲೆ ಖಾಲಿ ಗಾಡಿ. ಕಡೆಗೆ ಹೊರೆ. ಅಮೆರಿಕದ ಸೈನ್ಯದ ವೈದ್ಯ ಥಾಮಸ್ ಡೆಲೋರ್ಮ್ ಎರಡನೆಯ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರ ಕಾಲುಗಳಿಗೆ ಅಳತೆ ಇಟ್ಟು ಭಾರ ಏರಿಸುತ್ತ ಬಲ ತಂದು, 1945ರಲ್ಲಿ ಆ ವಿಧಾನವನ್ನು ಪ್ರಕಟಿಸಿದರು. ಇಂದಿಗೂ ಎಲ್ಲ ಜಿಮ್ಮುಗಳ ಮೂಲತತ್ವ ಅದೇ: ಮೈ ಒಪ್ಪಿದ ಮೇಲೆ ಸ್ವಲ್ಪ ಹೆಚ್ಚಿಸು.

ಹೋಗುವ ಮುನ್ನ: 40 ದಾಟಿದವರು, ಸಕ್ಕರೆ, ರಕ್ತದೊತ್ತಡ, ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳಿ ಹೋಗಿ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ. ಜೇಬಿನಲ್ಲಿ ನಾಲ್ಕು ಸಕ್ಕರೆ ಮಿಠಾಯಿ ಇರಲಿ. ಕೈ ನಡುಗಿ, ತಣ್ಣನೆ ಬೆವರು ಬಂದು, ತಲೆ ಸುತ್ತಿದರೆ ತಕ್ಷಣ ನಿಲ್ಲಿಸಿ ಬಾಯಿಗೆ ಹಾಕಿಕೊಳ್ಳಿ. ಚಪ್ಪಲಿ ಬೇಡ, ಮುಚ್ಚಿದ ಬೂಟು ಹಾಕಿ. ಮನೆಗೆ ಬಂದ ಮೇಲೆ ಪಾದದಲ್ಲಿ ಗುಳ್ಳೆ, ಗಾಯ ಇದೆಯೇ ನೋಡಿಕೊಳ್ಳಿ.

ಮೊದಲ ವಾರ, ಬರೀ ನೊಗ: ಮೂರು ದಿನ, ಇಪ್ಪತ್ತೇ ನಿಮಿಷ. ಜನ ಕಡಿಮೆ ಇರುವ ಹೊತ್ತನ್ನು ಕೇಳಿ ತಿಳಿದುಕೊಳ್ಳಿ. ಸಾಮಾನ್ಯವಾಗಿ ಹತ್ತು ಗಂಟೆಯ ನಂತರ ಆಫೀಸಿನವರು ಇರುವುದಿಲ್ಲ. ಟ್ರೆಡ್‌ಮಿಲ್ಲಿನ ಮೇಲೆ ಗಂಟೆಗೆ 3 ಕಿಲೋಮೀಟರಿನಂತೆ ಹಿಡಿ ಹಿಡಿದು ನಡೆಯಿರಿ. ಯಂತ್ರ ನಿಲ್ಲಿಸುವ ಗುಂಡಿ ಎಲ್ಲಿದೆ ಎಂದು ಮೊದಲು ಕಲಿಯಿರಿ. ಉಳಿದ ಹೊತ್ತು ನೋಡಿ. ಇನ್ನೂ ಮಾಡಬಹುದಿತ್ತು ಅನ್ನಿಸುವಾಗಲೇ ಮನೆಗೆ ಬನ್ನಿ. ಪಳಗಿದ ಎತ್ತಿನ ಹಾಗೆ ಜೊತೆಗೊಬ್ಬರಿದ್ದರೆ ಇನ್ನೂ ಒಳ್ಳೆಯದು.

ಎರಡು ಮತ್ತು ಮೂರನೆಯ ವಾರ, ಕೊರಡು: ನಾಲ್ಕೇ ಕೆಲಸ ಕಲಿಯಿರಿ. ಕುರ್ಚಿಯಿಂದ ಕೈ ಊರದೆ ಏಳುವುದು, ಕೂರುವುದು. ಗೋಡೆಯನ್ನು ಅಥವಾ ಯಂತ್ರವನ್ನು ಎದೆಯ ಮುಂದಕ್ಕೆ ತಳ್ಳುವುದು. ಬಾವಿಯ ಹಗ್ಗದಂತೆ ಎದೆಯ ಕಡೆಗೆ ಎಳೆಯುವುದು. ಎರಡೂ ಕೈಯಲ್ಲಿ ಸಮ ತೂಕದ ಡಂಬೆಲ್ ಹಿಡಿದು ನೆಟ್ಟಗೆ ಇಪ್ಪತ್ತು ಹೆಜ್ಜೆ ನಡೆಯುವುದು. ಮೊದಲ ಮೂರನ್ನು ಹತ್ತತ್ತು ಸಲ, ಒಂದೇ ಸುತ್ತು. ಹತ್ತು ಮುಗಿದಾಗ ಇನ್ನೂ ಮೂರು ಸಲ ಮಾಡುವ ಶಕ್ತಿ ಉಳಿದಿರಬೇಕು. ಉಳಿದಿಲ್ಲವೆಂದರೆ ಭಾರ ಹೆಚ್ಚಾಯಿತೆಂದು ಅರ್ಥ. ಎತ್ತುವಾಗ ಉಸಿರು ಬಿಡಿ. ಉಸಿರು ಬಿಗಿಹಿಡಿದರೆ ರಕ್ತದೊತ್ತಡ ಒಮ್ಮೆಲೇ ಏರುತ್ತದೆ.

ನಾಲ್ಕು ಮತ್ತು ಐದನೆಯ ವಾರ, ಖಾಲಿ ಗಾಡಿ: ಅದೇ ನಾಲ್ಕು ಕೆಲಸ, ಎರಡು ಸುತ್ತು. ನಡುವೆ ಎರಡು ನಿಮಿಷ ವಿಶ್ರಾಂತಿ. ಭಾರ ಏರಿಸಬೇಡಿ. ಈ ಹೊತ್ತಿಗೆ ಮೊದಲು ಭಾರವಾಗಿದ್ದದ್ದು ಹಗುರವೆನಿಸುತ್ತದೆ. ಸ್ನಾಯು ಬೆಳೆಯಲು ಇನ್ನೂ ಕಾಲ ಬೇಕು. ಮೊದಲ ವಾರಗಳಲ್ಲಿ ಹೆಚ್ಚುವ ಬಲ ಬಹುಮಟ್ಟಿಗೆ ನರಗಳು ಸ್ನಾಯುವನ್ನು ಚೆನ್ನಾಗಿ ದುಡಿಸಲು ಕಲಿತದ್ದರ ಫಲ.

ಆರರಿಂದ ಎಂಟನೆಯ ವಾರ, ಹೊರೆ: ಎರಡು ದಿನ ಒಂದೇ ಸಮನೆ ಎರಡೂ ಸುತ್ತಿನಲ್ಲಿ 12 ಸಲ ಸಲೀಸಾಗಿ ಆದರೆ, ಇರುವುದರಲ್ಲೇ ಚಿಕ್ಕ ಪ್ಲೇಟು ಸೇರಿಸಿ. ಆಗ 8 ಸಲಕ್ಕೆ ಇಳಿಯುತ್ತದೆ. ಮತ್ತೆ 12ಕ್ಕೆ ಏರುವ ತನಕ ಕಾಯಿರಿ. ಒಂದು ದಿನ ಬಿಟ್ಟು ಒಂದು ದಿನ ಹೋಗಿ. ಹೊಲದಲ್ಲಿ ಕೊಯ್ಲು, ನಾಟಿ ಇದ್ದ ದಿನ ಭಾರ ಎತ್ತುವುದು ಬೇಡ. ಅಂದಿನ ವ್ಯಾಯಾಮ ಅಲ್ಲಿಯೇ ಆಗಿದೆ.

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ತಾರೀಕು, ಎಷ್ಟು ಕಿಲೋ, ಎಷ್ಟು ಸಲ, ಇಷ್ಟೇ ಬರೆಯಿರಿ. ಹಾಲಿನ ಡೇರಿಯ ಪಾಸ್‌ಬುಕ್ಕಿನ ಹಾಗೆ ಲೆಕ್ಕ ಕಣ್ಣಿಗೆ ಕಂಡರೆ, "ನನ್ನಿಂದ ಆಗುವುದಿಲ್ಲ" ಎಂಬ ಮನಸ್ಸಿನ ಮಾತಿಗೆ ಉತ್ತರ ಕೈಯಲ್ಲೇ ಇರುತ್ತದೆ.

ಜಿಮ್ಮಿಲ್ಲದ ಊರಿನವರು ಬೇಸರಪಡಬೇಡಿ. ಒಂದು ಲೀಟರ್ ನೀರು ಒಂದು ಕಿಲೋ ತೂಗುತ್ತದೆ. ಎರಡು ಐದು ಲೀಟರಿನ ಕ್ಯಾನು, ಒಂದು ಗಟ್ಟಿ ಕುರ್ಚಿ, ಒಂದು ಗೋಡೆ ಇದ್ದರೆ ಈ ಪಾಠದ ಹೆಚ್ಚಿನ ಭಾಗ ಮನೆಯ ಜಗಲಿಯಲ್ಲೇ ಆಗುತ್ತದೆ. ಕ್ಯಾನಿನಲ್ಲಿ ಮೊದಲು ಅರ್ಧ ನೀರು ತುಂಬಿ, ವಾರವಾರ ಸ್ವಲ್ಪ ಸ್ವಲ್ಪ ಹೆಚ್ಚಿಸಿ.

ಯಾವ ನೋವು ಒಳ್ಳೆಯದು, ಯಾವುದು ಕೆಟ್ಟದ್ದು?

ಹೊಸ ಕೆಲಸ ಮಾಡಿದ ಮರುದಿನ, ಮೂರನೆಯ ದಿನ ಸ್ನಾಯು ಹಿಡಿದುಕೊಂಡು ನೋಯುವುದು ಸಹಜ. ಮೂರು ನಾಲ್ಕು ದಿನಕ್ಕೆ ತಾನಾಗಿ ಹೋಗುತ್ತದೆ. ಮೆಲ್ಲಗೆ ನಡೆದಾಡಿ. ಆದರೆ ಕೀಲಿನೊಳಗೆ ಚುಚ್ಚಿದಂಥ ನೋವು, ಊತ ಬಂದರೆ ಆ ಕೆಲಸ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಎದೆ ಹಿಂಡಿದಂತಾಗುವುದು, ನೋವು ಎಡಗೈಗೆ ಅಥವಾ ದವಡೆಗೆ ಹರಿಯುವುದು, ಉಸಿರು ಕಟ್ಟುವುದು ಕಂಡರೆ ಹೊತ್ತು ಕಳೆಯದೆ ಆಸ್ಪತ್ರೆಗೆ ಹೋಗಿ. ಅದು ವಾಯು ಎಂದು ಶುಂಠಿ ಕಷಾಯ ಕುಡಿಯುತ್ತ ಕೂರಬೇಡಿ. ಅತಿಯಾಗಿ ಮಾಡಿದ ಮೇಲೆ ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಸ್ನಾಯು ಒಡೆದು ಮೂತ್ರಪಿಂಡಕ್ಕೆ ಅಪಾಯವಾಗುವ ಸೂಚನೆ. ಅದಕ್ಕೂ ತಕ್ಷಣ ಚಿಕಿತ್ಸೆ ಬೇಕು.

ಯುವಕರಿಗೆ ಒಂದು ಮಾತು. ಬೇಗ ಮೈ ತುಂಬುತ್ತದೆಂದು ಯಾರಾದರೂ ಸೂಜಿ, ಮಾತ್ರೆ ಕೊಟ್ಟರೆ ಮುಟ್ಟಬೇಡಿ. ಸ್ಟೀರಾಯ್ಡ್ ಔಷಧಗಳು ಹೃದಯ, ಯಕೃತ್ತು, ಸಂತಾನಶಕ್ತಿ ಮೂರನ್ನೂ ಕೆಡಿಸಬಲ್ಲವು. ದುಬಾರಿ ಡಬ್ಬಿಯ ಪುಡಿಯೂ ಹೆಚ್ಚಿನವರಿಗೆ ಅಗತ್ಯವಿಲ್ಲ. ಹುರುಳಿ, ಹೆಸರುಕಾಳು, ಕಡಲೆಕಾಯಿ, ಮೊಟ್ಟೆ, ಮೀನು, ಮೊಸರು ನಮ್ಮ ಅಡುಗೆಮನೆಯಲ್ಲೇ ಇವೆ. ತಟ್ಟೆಯಲ್ಲಿ ಅನ್ನದ ರಾಶಿ ತಗ್ಗಿಸಿ ಕಾಳುಪಲ್ಯ ಹೆಚ್ಚಿಸಿ.

ಹೆಂಗಸರಿಗೂ ಒಂದು ಮಾತು. ಸೀರೆಯಲ್ಲಿ ಯಂತ್ರದ ಹತ್ತಿರ ಹೋಗಬೇಡಿ, ಸೆರಗು ಸಿಕ್ಕಿಕೊಳ್ಳುವ ಅಪಾಯವಿದೆ. ಚೂಡಿದಾರ್ ಸಾಕು, ದುಪಟ್ಟಾ ತೆಗೆದಿಟ್ಟು ಮಾಡಿ. ಭಾರ ಎತ್ತಿದರೆ ಗಂಡಸಿನ ಮೈಯಾಗುತ್ತದೆ ಎಂಬುದು ಸುಳ್ಳು. ಮುಟ್ಟು ನಿಂತ ಮೇಲೆ ಸವೆಯುವ ಮೂಳೆಗೆ ಭಾರದ ವ್ಯಾಯಾಮ ಒಳ್ಳೆಯ ಕಾವಲು. ನೆರೆಹೊರೆಯ ಇಬ್ಬರು ಮೂವರು ಒಟ್ಟಿಗೆ ಹೋದರೆ ಅಂಜಿಕೆ ಅರ್ಧವಾಗುತ್ತದೆ.

ತಪ್ಪಿಹೋದರೆ?

ತಪ್ಪಿಯೇ ತಪ್ಪುತ್ತದೆ. ಮದುವೆ, ಜಾತ್ರೆ, ಜ್ವರ, ಮಳೆ ಎಲ್ಲವೂ ಬರುತ್ತವೆ. ಲಂಡನ್ನಿನಲ್ಲಿ 96 ಮಂದಿಯ ಮೇಲೆ ನಡೆದ ಅಧ್ಯಯನದಲ್ಲಿ ಹೊಸ ರೂಢಿಯೊಂದು ನೆಲೆಯೂರಲು ನಡುಮಟ್ಟದ ಲೆಕ್ಕದಲ್ಲಿ 66 ದಿನ ಹಿಡಿಯಿತು. ಕೆಲವರಿಗೆ 18 ದಿನ ಸಾಕಾದರೆ ಕೆಲವರಿಗೆ ಇನ್ನೂರು ದಿನ ದಾಟಿತು. ನಡುವೆ ಒಂದು ದಿನ ತಪ್ಪಿದ್ದರಿಂದ ರೂಢಿ ಕೆಡಲಿಲ್ಲ ಎಂಬುದೂ ಅಲ್ಲಿ ಕಂಡಿತು. ಒಂದು ಮಳೆ ತಪ್ಪಿದರೆ ಹೊಲ ಬೀಳು ಬಿಡುತ್ತೇವೆಯೇ? ಎರಡು ವಾರ ತಪ್ಪಿದರೆ ಅರ್ಧ ಭಾರದಿಂದ ಮತ್ತೆ ಆರಂಭಿಸಿ. ಹೋದ ಬಲ ಮೊದಲ ಸಲಕ್ಕಿಂತ ಬೇಗ ಮರಳುತ್ತದೆ.

ಆ ಹಿರಿಯರ ಸಮಾಚಾರ ಕೇಳುತ್ತೀರಾ? ಮೊದಲು ಮಗನಿಗೆ ನಿಜ ಹೇಳಿ ಎಂದೆವು. ಮಗ ಬೈಯಲಿಲ್ಲ. ಮೊದಲ ವಾರ ತಾನೇ ಜೊತೆಗೆ ಹೋದ. ಈಗ ಹತ್ತು ವಾರವಾಗಿದೆ. ಸಕ್ಕರೆ ಸ್ವಲ್ಪ ಇಳಿದಿದೆ, ಮಾತ್ರೆ ಇನ್ನೂ ನಿಂತಿಲ್ಲ. ಡಂಬೆಲ್ ಐದೇ ಕಿಲೋ. ಕನ್ನಡಿಯ ಮುಂದೆ ಇವತ್ತಿಗೂ ನಿಲ್ಲುವುದಿಲ್ಲ, ಮೂಲೆಯಲ್ಲೇ ಮಾಡುತ್ತಾರೆ. ಆದರೆ ಕಳೆದ ವಾರ ಅವರದೇ ವಯಸ್ಸಿನ ಇನ್ನೊಬ್ಬರು ಹೊಸದಾಗಿ ಬಂದು ಬಾಗಿಲ ಬಳಿ ಹಿಂಜರಿಯುತ್ತ ನಿಂತಿದ್ದರಂತೆ. ಇವರೇ ಹೋಗಿ ಕರೆತಂದು, ಟ್ರೆಡ್‌ಮಿಲ್ ನಿಲ್ಲಿಸುವ ಗುಂಡಿ ಎಲ್ಲಿದೆ ಎಂದು ತೋರಿಸಿಕೊಟ್ಟರಂತೆ. "ಸ್ವಾಮಿ, ಈಗ ನಾನು ಪಳಗಿದ ಎತ್ತು" ಎಂದು ನಕ್ಕರು.

ಮನೆಯಲ್ಲಿ ಕೂಡಿ ಮಾತನಾಡಲು

1. ನಮ್ಮ ಮನೆಯಲ್ಲಿ ಹತ್ತು ವರ್ಷದ ಹಿಂದೆ ಕೈಯಿಂದ ಮಾಡುತ್ತಿದ್ದ ಯಾವ ಕೆಲಸಗಳನ್ನು ಈಗ ಯಂತ್ರ ಮಾಡುತ್ತಿದೆ?

2. ಕುರ್ಚಿಯಿಂದ ಕೈ ಊರದೆ ಮನೆಯ ಪ್ರತಿಯೊಬ್ಬರೂ ಎಷ್ಟು ಸಲ ಎದ್ದು ಕೂರಬಲ್ಲರು? ಇಂದು ಎಣಿಸಿ ಬರೆದಿಡಿ, ಎಂಟು ವಾರದ ನಂತರ ಮತ್ತೆ ಎಣಿಸಿ.

3. ಹೋಗಬೇಕೆಂದಿದ್ದೂ ನಾಚಿಕೆಯಿಂದ ಹಿಂಜರಿಯುತ್ತಿರುವವರು ನಮ್ಮ ಮನೆಯಲ್ಲಿ ಇದ್ದಾರೆಯೇ? ಮೊದಲ ವಾರ ಅವರ ಜೊತೆಗೆ ಯಾರು ಹೋಗುತ್ತೀರಿ?